ಗಾಳಿಯನ್ನೇ ಸ್ಪ್ರಿಂಗ್ ಆಗಿಸಿದ ಪೆಟ್ಟಿಗೆ: ಒಂದು ಧ್ವನಿವರ್ಧಕ ಉದ್ಯಮದ ಅಧ್ಯಯನ

ಹೊಸ ಸರಕೊಂದನ್ನು ರೂಪಿಸಿದ ಸಣ್ಣ ತಯಾರಕನನ್ನು ಕಾಡುವ ಮೊದಲ ಚಿಂತೆ ನಕಲಿನದು. ತಾನು ವರ್ಷಗಟ್ಟಲೆ ಶ್ರಮಿಸಿ ಕಂಡುಕೊಂಡದ್ದನ್ನು ದೊಡ್ಡ ಬಂಡವಾಳದವರು ಕೆಲವೇ ತಿಂಗಳಲ್ಲಿ ಅನುಕರಿಸಿಬಿಟ್ಟರೆ ಗತಿಯೇನು ಎಂದು ಅವನು ಕೇಳಿದಾಗ ಸಾಮಾನ್ಯವಾಗಿ ದೊರೆಯುವ ಉತ್ತರ, ಪೇಟೆಂಟ್ ಪಡೆಯಿರಿ ಎಂಬುದು. ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಪೇಟೆಂಟ್ ಪಡೆದೂ ಅದನ್ನು ನ್ಯಾಯಾಲಯದಲ್ಲಿ ಉಳಿಸಿಕೊಳ್ಳಲಾಗದ, ಆದರೂ 1966ರಲ್ಲಿ ತನ್ನ ದೇಶದ ಮನೆಬಳಕೆಯ ಧ್ವನಿವರ್ಧಕಗಳ ಮಾರಾಟದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಪಡೆದಿದ್ದ ಅಮೆರಿಕದ ಸಂಸ್ಥೆಯೊಂದರ ವೃತ್ತಾಂತವನ್ನು ಇಲ್ಲಿ ಸದಸ್ಯರ ಮುಂದಿಡಲಾಗಿದೆ. ಸಂಸ್ಥೆಯ ಹೆಸರು ಅಕೌಸ್ಟಿಕ್ ರಿಸರ್ಚ್. ಸಂಗೀತಪ್ರಿಯರು ಅದನ್ನು ಎ.ಆರ್. ಎಂದೇ ಬಲ್ಲರು. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ 1954ರಲ್ಲಿ ಅದು ಆರಂಭವಾಯಿತು.

ತಟ್ಟೆಯಲ್ಲಿದ್ದ ನಾದ, ಮನೆಯಲ್ಲಿ ಕೇಳದ ನಾದ

ಸರಕಿನ ಬೆಲೆಯನ್ನು ಅರಿಯಬೇಕಾದರೆ ಅದಕ್ಕೆ ಮುಂಚಿನ ಕೊರತೆಯನ್ನು ಅರಿಯಬೇಕು. 1948ರಲ್ಲಿ ಕೊಲಂಬಿಯಾ ಸಂಸ್ಥೆಯು ಎಲ್.ಪಿ. ತಟ್ಟೆಯನ್ನು ಹೊರತಂದಿತು. ಅದೇ ಕಾಲಕ್ಕೆ ಧ್ವನಿಮುದ್ರಣದಲ್ಲಿ ಟೇಪಿನ ಬಳಕೆಯೂ ಹೆಚ್ಚಿತು. ಪರಿಣಾಮವಾಗಿ ಪಿಯಾನೊ, ಪಿಟೀಲು, ಡಬಲ್ ಬೇಸ್, ಚರ್ಚಿನ ಆರ್ಗನ್ ಮೊದಲಾದ ವಾದ್ಯಗಳ ನಾದವು ಹಿಂದೆಂದೂ ಇಲ್ಲದಷ್ಟು ಪೂರ್ಣವಾಗಿ ತಟ್ಟೆಯ ಗೆರೆಗಳಲ್ಲಿ ಅಡಗತೊಡಗಿತು. ಆದರೆ ಆ ನಾದವನ್ನು ಮನೆಯ ಕೋಣೆಗೆ ತಲುಪಿಸಬೇಕಾದ ಧ್ವನಿವರ್ಧಕವು ಹಿಂದೆಯೇ ಉಳಿದಿತ್ತು. ಡಬಲ್ ಬೇಸಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ 41 ಸಲ. ಆರ್ಗನಿನ 16 ಅಡಿಯ ಕೊಳವೆಯದು ಸುಮಾರು 33 ಸಲ. ಸಾಮಾನ್ಯ ಗಾತ್ರದ ಪೆಟ್ಟಿಗೆಯ ಸ್ಪೀಕರುಗಳು ಈ ಮಂದ್ರ ಸ್ಥಾನಕ್ಕೆ ಇಳಿಯುವ ಬಹಳ ಮುಂಚೆಯೇ ಕೈಚೆಲ್ಲುತ್ತಿದ್ದವು. ಮೃದಂಗದ ಎಡಮುಖದ ಗುಂಕಾರವು ಸಣ್ಣ ರೇಡಿಯೊದಲ್ಲಿ ಬರಿಯ ತಟ್ಟುವ ಸದ್ದಾಗಿ ಕೇಳುವುದನ್ನು ಬಲ್ಲ ನಮ್ಮ ಓದುಗರಿಗೆ ಈ ಕೊರತೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಂದ್ರ ನಾದ ಬೇಕೆಂದವರಿಗೆ ಅಂದು ಇದ್ದ ಮಾರ್ಗಗಳು ಎರಡು. ಒಂದು, ಪಾಲ್ ಕ್ಲಿಪ್ಷ್ ಅವರು ಅರ್ಕನ್ಸಾಸ್ ರಾಜ್ಯದ ಹೋಪ್ ಪಟ್ಟಣದಲ್ಲಿ 1946ರಿಂದ ತಯಾರಿಸಿ ಮಾರುತ್ತಿದ್ದಂಥ ಕಹಳೆ ಮಾದರಿಯ ದೊಡ್ಡ ಪೆಟ್ಟಿಗೆಗಳು. ಇವು ಕೋಣೆಯ ಮೂಲೆಯನ್ನೇ ಕಹಳೆಯ ಬಾಯಿಯ ಮುಂದುವರಿಕೆಯಾಗಿ ಬಳಸುತ್ತಿದ್ದವು. ಇನ್ನೊಂದು, ಗೋಡೆಯಲ್ಲಿ ರಂಧ್ರ ಕೊರೆದು ಸ್ಪೀಕರನ್ನು ಕೂರಿಸಿ, ಹಿಂದಿನ ಉಗ್ರಾಣವನ್ನೋ ಬಟ್ಟೆಯ ಕೋಣೆಯನ್ನೋ ಪೆಟ್ಟಿಗೆಯಾಗಿ ಉಪಯೋಗಿಸುವುದು. ಮೊದಲನೆಯದಕ್ಕೆ ದೊಡ್ಡ ಮನೆ ಬೇಕು, ಎರಡನೆಯದಕ್ಕೆ ಸ್ವಂತ ಮನೆಯೂ ಮನೆಯವರ ಅಪಾರ ಸಹನೆಯೂ ಬೇಕು. ಬಾಡಿಗೆಯ ಮನೆಯಲ್ಲಿದ್ದ ಸಂಗೀತಪ್ರಿಯನಿಗೆ ಎರಡೂ ದೂರದ ಮಾತು.

ತಲೆಕೆಳಗಾದ ವಿಚಾರ

ಎಡ್ಗರ್ ವಿಲ್ಚರ್ ಅವರು ಹುಟ್ಟಿದ್ದು 1917ರಲ್ಲಿ. ಕಲೆಯ ಇತಿಹಾಸವನ್ನು ಅಭ್ಯಾಸ ಮಾಡಿದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದಾಗ ವಿದ್ಯುನ್ಮಾನ ವಿದ್ಯೆಯನ್ನು ಕಲಿತರು. ಯುದ್ಧಾನಂತರ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಅಂಗಡಿಯೊಂದನ್ನು ತೆರೆದು ರೇಡಿಯೊ ದುರಸ್ತಿ ಮಾಡುತ್ತ, ಗಿರಾಕಿಗಳಿಗೆ ಬೇಕಾದಂತೆ ಸಂಗೀತ ಕೇಳುವ ಸಾಧನಗಳನ್ನು ಜೋಡಿಸಿಕೊಡುತ್ತಿದ್ದರು. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಪುನರುತ್ಪಾದನೆಯ ವಿಷಯವನ್ನು ಬೋಧಿಸಿದರು. ಇಂಥ ಹಿನ್ನೆಲೆಯವರು ಎಲ್ಲ ತಜ್ಞರೂ ಒಪ್ಪಿಕೊಂಡಿದ್ದ ಕಟ್ಟಳೆಯನ್ನು ಹೇಗೆ ಮುರಿದರೆಂಬುದನ್ನು ತಿಳಿಯಲು ಸ್ವಲ್ಪ ಭೌತವಿಜ್ಞಾನ ಅವಶ್ಯ.

ಸ್ಪೀಕರಿನ ಶಂಕುವಿನಾಕಾರದ ಕಾಗದದ ಕೋನ್ ಮುಂದಕ್ಕೂ ಹಿಂದಕ್ಕೂ ಚಲಿಸಿ ಗಾಳಿಯನ್ನು ನೂಕುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಪರಸ್ಪರ ವಿರುದ್ಧವಾದ್ದರಿಂದ, ಅವು ಒಂದನ್ನೊಂದು ಅಳಿಸಿಹಾಕದಂತೆ ಹಿಂಭಾಗವನ್ನು ಪೆಟ್ಟಿಗೆಯಲ್ಲಿ ಮುಚ್ಚಬೇಕು. ಆದರೆ ಮುಚ್ಚಿದ ಪೆಟ್ಟಿಗೆಯ ಗಾಳಿಯು ಸ್ಪ್ರಿಂಗಿನಂತೆ ಕೋನನ್ನು ಹಿಂದಕ್ಕೆ ತಳ್ಳುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿದವರಿಗೆ ಈ ಬಲದ ಅನುಭವವಿರುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಗಾಳಿಯ ಸ್ಪ್ರಿಂಗ್ ಬಿಗಿ. ಕೋನಿನ ಅಂಚೂ ಅದರ ನಡುವಿನ ಹಿಡಿತವೂ ಬೇರೊಂದು ಸ್ಪ್ರಿಂಗ್ ಆಗಿದ್ದು, ಎರಡರ ಬಿಗಿತವೂ ಕೂಡಿದಾಗ ಕೋನಿನ ಸಹಜ ಕಂಪನವು ಮೇಲಕ್ಕೇರುತ್ತದೆ, ಮಂದ್ರ ನಾದ ಮಾಯವಾಗುತ್ತದೆ. ಆದ್ದರಿಂದ ಪೆಟ್ಟಿಗೆ ದೊಡ್ಡದಿರಲೇಬೇಕೆಂಬುದು ಅಂದಿನ ಕಟ್ಟಳೆ. ಗಾಳಿಯ ಸ್ಪ್ರಿಂಗನ್ನು ಎಲ್ಲರೂ ಶತ್ರುವೆಂದೇ ಎಣಿಸಿದ್ದರು.

ವಿಲ್ಚರ್ ಅವರು ಗಮನಿಸಿದ್ದು ಇನ್ನೊಂದು ದೋಷವನ್ನು. ಬಟ್ಟೆ, ಕಾಗದಗಳಿಂದ ಮಾಡಿದ ಹಿಡಿತವು ನಿಷ್ಠೆಯುಳ್ಳ ಸ್ಪ್ರಿಂಗ್ ಅಲ್ಲ. ಕೋನ್ ಹೆಚ್ಚು ದೂರ ಚಲಿಸಿದಾಗ ಅದು ಅಳತೆ ಮೀರಿ ಬಿಗಿಯುತ್ತದೆ, ಆಗ ನಾದವು ವಿಕಾರಗೊಳ್ಳುತ್ತದೆ. ಗಾಳಿಯಾದರೋ ಸಣ್ಣ ಒತ್ತಡಕ್ಕೆ ಬಹುಮಟ್ಟಿಗೆ ಸಮಪ್ರಮಾಣದಲ್ಲಿಯೇ ಪ್ರತಿಕ್ರಿಯಿಸುತ್ತದೆ. ಹಾಗಾದರೆ ಹಿಡಿತವನ್ನು ಆದಷ್ಟು ಸಡಿಲಗೊಳಿಸಿ, ಕೋನನ್ನು ಹಿಂದಕ್ಕೆ ತರುವ ಕೆಲಸವನ್ನು ಚಿಕ್ಕ ಪೆಟ್ಟಿಗೆಯ ಗಾಳಿಗೇ ಏಕೆ ಒಪ್ಪಿಸಬಾರದು? ಚಿಕ್ಕ ಪೆಟ್ಟಿಗೆಯು ಇಲ್ಲಿ ಅನಿವಾರ್ಯವಾದ ರಾಜಿಯಲ್ಲ, ಅದೇ ಯಂತ್ರದ ಅಂಗ. ಮೊದಲ ಮಾದರಿಯ ಸಡಿಲ ಅಂಚನ್ನು ಹಾಸಿಗೆಯ ಚೀಲಕ್ಕೆ ಬಳಸುವ ದಪ್ಪ ಬಟ್ಟೆಯಿಂದ ಅವರ ಪತ್ನಿ ರೋಸ್‌ಮೇರಿ ಅವರು ಹೊಲಿದುಕೊಟ್ಟರು. ಇದಕ್ಕೆ ಅಕೌಸ್ಟಿಕ್ ಸಸ್ಪೆನ್ಷನ್ ಎಂಬ ಹೆಸರು ಬಂದಿತು. 1954ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಲಾಯಿತು. 1956ರ ಡಿಸೆಂಬರಿನಲ್ಲಿ ಪೇಟೆಂಟ್ ದೊರೆಯಿತು.

ವಿಚಾರವನ್ನು ಮಾರಲು ಅವರು ಹೆಸರಾಂತ ತಯಾರಕರ ಬಾಗಿಲು ತಟ್ಟಿದ್ದರು. ಯಾರೂ ಕೊಳ್ಳಲಿಲ್ಲ. ಆಗ ನೆರವಿಗೆ ಬಂದವರು ಅವರ ತರಗತಿಯ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್. ಕೇಂಬ್ರಿಜಿನ ಕಟ್ಟಡವೊಂದರ ಮಹಡಿಯಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಕಾರ್ಯಾಗಾರ ಅವರದಾಗಿತ್ತು. ವಿಚಾರ ಒಬ್ಬರದು, ಗರಗಸವೂ ಜಾಗವೂ ಇನ್ನೊಬ್ಬರದು.

ತಯಾರಿಸಿದ್ದು ಎಷ್ಟು, ಕೊಂಡದ್ದು ಎಷ್ಟು

ಸಂಸ್ಥೆಯ ಮೊದಲ ಸರಕಾದ ಎ.ಆರ್.-1 ಹೊರಬಂದದ್ದು 1954ರಲ್ಲಿ, 185 ಡಾಲರ್ ಬೆಲೆಗೆ. ಎತ್ತರ 25 ಇಂಚು, ಅಗಲ 14 ಇಂಚು, ಆಳ 11 ಇಂಚಿಗಿಂತ ತುಸು ಹೆಚ್ಚು. ಇಷ್ಟು ಚಿಕ್ಕ ಪೆಟ್ಟಿಗೆಯೊಳಗೆ ಕೂತ 12 ಇಂಚಿನ ವೂಫರಿನ ಸಹಜ ಕಂಪನ ಸುಮಾರು 43 ಹರ್ಟ್ಸ್. ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಪೆಟ್ಟಿಗೆಯಿಂದ ಡಬಲ್ ಬೇಸಿನ ಕೆಳಗಿನ ತಂತಿಯ ಮೂಲಸ್ವರವೇ ಹೊರಡತೊಡಗಿತು.

ಸಣ್ಣ ತಯಾರಕರು ಇಲ್ಲೊಂದು ವಿವರವನ್ನು ಗಮನಿಸಬೇಕು. ಎ.ಆರ್.-1ರಲ್ಲಿ ಸಂಸ್ಥೆಯು ತಾನೇ ತಯಾರಿಸಿದ್ದು ವೂಫರನ್ನು ಮಾತ್ರ. ಮಧ್ಯ ಮತ್ತು ತಾರ ಸ್ಥಾನದ ನಾದಕ್ಕೆ ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುತ್ತಿದ್ದ ಆಲ್ಟೆಕ್ ಸಂಸ್ಥೆಯ 8 ಇಂಚಿನ ಸ್ಪೀಕರನ್ನು ಕೊಂಡು ಜೋಡಿಸಲಾಗಿತ್ತು. ವೂಫರ್ ಭಾಗವನ್ನಷ್ಟೇ ಬಯಸುವವರಿಗೆ ಅದನ್ನು ಎ.ಆರ್.-1 ಡಬ್ಲ್ಯು ಎಂದು ಬಿಡಿಯಾಗಿಯೂ ಮಾರಿದರು. ತನ್ನದೆಂಬ ಹೊಸತನ ಎಲ್ಲಿದೆಯೋ ಅಲ್ಲಿ ಬಂಡವಾಳ, ಉಳಿದುದೆಲ್ಲ ಖರೀದಿ. ಎಲ್ಲವನ್ನೂ ತಾನೇ ಎರಕ ಹೊಯ್ಯಬೇಕೆಂಬ ಹಟದಿಂದ ಮೊದಲ ವರ್ಷವೇ ಬಡ್ಡಿಯ ಹೊರೆಗೆ ಸಿಲುಕುವ ಕಾರ್ಖಾನೆಗಳನ್ನು ಕಂಡವರಿಗೆ ಈ ಸಂಯಮದ ಬೆಲೆ ತಿಳಿದೀತು.

ಅಂತೆಯೇ ಈ ವಿಧಾನಕ್ಕೆ ತೆರಬೇಕಾದ ಬೆಲೆಯೊಂದಿತ್ತು. ಕ್ಲಾಸ್ ಅವರ ಸಹೋದ್ಯೋಗಿಯಾಗಿದ್ದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ ಹೀಗಿದೆ: ಪೆಟ್ಟಿಗೆಯ ಚಿಕ್ಕ ಗಾತ್ರ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು ಎಂಬ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು. ದಕ್ಷತೆಯು ಪೆಟ್ಟಿಗೆಯ ಘನಗಾತ್ರಕ್ಕೂ ಕೆಳಮಿತಿಯ ಕಂಪನಾಂಕದ ಘನಕ್ಕೂ ಅನುಪಾತದಲ್ಲಿರುತ್ತದೆ. ಉದಾಹರಣೆಗೆ, ಅದೇ ಗಾತ್ರದ ಪೆಟ್ಟಿಗೆಯ ಮಿತಿಯನ್ನು 80 ಹರ್ಟ್ಸ್‌ನಿಂದ 40 ಹರ್ಟ್ಸ್‌ಗೆ ಇಳಿಸಬೇಕಾದರೆ ದಕ್ಷತೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಅಷ್ಟೇ ಸದ್ದಿಗೆ ಎಂಟು ಪಟ್ಟು ವ್ಯಾಟ್ ಬೇಕು. ದಕ್ಷತೆ ಕುಂದಬಾರದೆಂದರೆ ಪೆಟ್ಟಿಗೆಯೇ ಎಂಟು ಪಟ್ಟು ಹಿಗ್ಗಬೇಕು. ಇಂದಿಗೂ ಅಂಗೈಯಗಲದ ಸ್ಪೀಕರಿಗೆ ಆನೆಯ ಘೀಳಿಡುವ ಶಕ್ತಿಯಿದೆಯೆಂದು ಜಾಹೀರಾತು ಬಂದರೆ ಈ ಸೂತ್ರವನ್ನು ಮುಂದಿಟ್ಟು ನೋಡುವುದು ಒಳಿತು.

ಎ.ಆರ್. ಸಂಸ್ಥೆ ಬಿಟ್ಟುಕೊಟ್ಟದ್ದು ದಕ್ಷತೆಯನ್ನು. ಅದರ ಅದೃಷ್ಟಕ್ಕೆ ಕಾಲ ಕೂಡಿಬಂದಿತ್ತು. ಬ್ರಿಟನ್ನಿನ ವಿಲಿಯಮ್ಸನ್ ಅವರ ವಿನ್ಯಾಸವು 1947ರಲ್ಲಿ ಪ್ರಕಟವಾದಂದಿನಿಂದ ಉತ್ತಮ ಆಂಪ್ಲಿಫೈಯರ್ ರಚನೆ ಎಲ್ಲರ ಕೈಗೆ ಎಟುಕುವಂತಾಗಿತ್ತು. 1950ರ ದಶಕದ ಉತ್ತರಾರ್ಧದಲ್ಲಿ ಡೈನಾಕೊ ಸಂಸ್ಥೆಯು 60 ವ್ಯಾಟಿನ ಆಂಪ್ಲಿಫೈಯರನ್ನು ಬಿಡಿಭಾಗಗಳ ಕಟ್ಟಾಗಿ, ಮನೆಯಲ್ಲೇ ಜೋಡಿಸಿಕೊಳ್ಳುವಂತೆ ಮಾರುತ್ತಿತ್ತು. ಮರ ಮತ್ತು ಮನೆಯ ಜಾಗ ದುಬಾರಿ, ವ್ಯಾಟ್ ಅಗ್ಗ ಎಂಬ ಪರಿಸ್ಥಿತಿಯಲ್ಲಿ ಮರದ ಹೊರೆಯನ್ನು ವ್ಯಾಟಿಗೆ ವರ್ಗಾಯಿಸುವುದು ಲಾಭದ ಲೆಕ್ಕವೇ.

1957ರಲ್ಲಿ 10 ಇಂಚಿನ ವೂಫರಿನ ಎ.ಆರ್.-2 ನೂರು ಡಾಲರಿನ ಆಸುಪಾಸಿನ ಬೆಲೆಗೆ ಬಂದಿತು. ಮುಂದಿನ ವರ್ಷವೇ, ಅಂದರೆ 1958ರಲ್ಲಿ, ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಇಳಿದವು. ಸ್ಟೀರಿಯೊ ಎಂದರೆ ಒಂದರ ಬದಲು ಎರಡು ಸ್ಪೀಕರುಗಳು. ಮೂಲೆಯನ್ನು ಆಕ್ರಮಿಸುವ ದೈತ್ಯ ಪೆಟ್ಟಿಗೆಯನ್ನು ಹೇಗೋ ಸಹಿಸಿಕೊಂಡಿದ್ದ ಮನೆಗೆ ಅಂಥ ಎರಡನ್ನು ತರುವುದು ಕಷ್ಟ, ಕಪಾಟಿನ ಎರಡು ಪೆಟ್ಟಿಗೆಗಳನ್ನು ತರುವುದು ಸುಲಭ. ನಾಲ್ಕು ವರ್ಷ ಮುಂಚೆ ಬೇರೊಂದು ಕಾರಣಕ್ಕೆ ಚಿಕ್ಕದಾಗಿ ಹುಟ್ಟಿದ ಸರಕಿಗೆ ಹೊಸ ಬೇಡಿಕೆ ತಾನಾಗಿ ಒದಗಿತು.

ಅದೇ 1958ರ ಎ.ಆರ್.-3ರಲ್ಲಿ ಮಧ್ಯ ಮತ್ತು ತಾರ ಸ್ಥಾನಗಳಿಗೆ ಕೋನಿನ ಬದಲು ಪುಟ್ಟ ಗುಮ್ಮಟದ ಆಕಾರದ ಘಟಕಗಳನ್ನು ಅಳವಡಿಸಲಾಯಿತು. ಇವು ನಾದವನ್ನು ನೇರ ಮುಂದಕ್ಕಷ್ಟೇ ಎಸೆಯದೆ ಕೋಣೆಯ ತುಂಬ ಹರಡುತ್ತಿದ್ದುದರಿಂದ, ಬದಿಯ ಕುರ್ಚಿಯಲ್ಲಿ ಕುಳಿತವರಿಗೂ ಪಿಟೀಲಿನ ಕಾಂತಿ ಕುಂದದೆ ಕೇಳುತ್ತಿತ್ತು. ಇಂದು ಜಗತ್ತಿನ ಬಹುಪಾಲು ಮನೆಯ ಸ್ಪೀಕರುಗಳಲ್ಲಿ ಕಾಣುವ ಗುಮ್ಮಟದ ಟ್ವೀಟರಿನ ವಂಶ ಇಲ್ಲಿಂದಲೇ ಹರಡಿದ್ದು. ಎ.ಆರ್.-3ರ ಒಂದು ಪ್ರತಿಯನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.

ಮಾರಾಟವಿಲ್ಲದ ಮಳಿಗೆ

ಇಲ್ಲಿಯವರೆಗಿನದು ಯಂತ್ರದ ಕಥೆ. ವ್ಯಾಪಾರದ ದೃಷ್ಟಿಯಿಂದ ಮುಂದಿನದೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಲೇಖಕನ ಅಭಿಪ್ರಾಯ.

ಎರಡು ಸ್ಪೀಕರುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದಾಗ, ತುಸುವೇ ಹೆಚ್ಚು ಸದ್ದು ಮಾಡುವುದನ್ನು ಕಿವಿಯು ಉತ್ತಮವೆಂದು ತಿಳಿಯುತ್ತದೆ. ಇದು ಅಂಗಡಿಯವರೆಲ್ಲರೂ ಬಲ್ಲ ಗುಟ್ಟು. ಎ.ಆರ್. ಪೆಟ್ಟಿಗೆಯ ದಕ್ಷತೆ ಕಡಿಮೆಯಾದ್ದರಿಂದ ಒಂದೇ ಆಂಪ್ಲಿಫೈಯರಿನ ಗುಂಡಿಯನ್ನು ಅತ್ತಿತ್ತ ತಿರುಗಿಸಿ ತೋರಿಸುವ ಮಳಿಗೆಯಲ್ಲಿ ಅದು ಸೋಲುವುದೇ ಸಹಜ. ಸರಕಿನ ಗುಣ ತಿಳಿಯಬೇಕಾದರೆ ಗಿರಾಕಿ ನಿಧಾನವಾಗಿ, ತನಗೆ ಪರಿಚಿತವಾದ ಸಂಗೀತವನ್ನು ಕೇಳಬೇಕು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿಯೂ ಕೇಂಬ್ರಿಜಿನ ಹಾರ್ವರ್ಡ್ ಚೌಕದಲ್ಲಿಯೂ ಸಂಸ್ಥೆಯು ಶ್ರವಣ ಕೊಠಡಿಗಳನ್ನು ತೆರೆಯಿತು. ಯಾರು ಬೇಕಾದರೂ ಬಂದು ಕುಳಿತು ಕೇಳಬಹುದಾಗಿತ್ತು. ಆದರೆ ಅಲ್ಲಿ ಏನನ್ನೂ ಮಾರುತ್ತಿರಲಿಲ್ಲ! ಕೊಳ್ಳಲೇಬೇಕೆನ್ನುವವರು ವ್ಯಾಪಾರಿಗಳ ಅಂಗಡಿಗೆ ಹೋಗಬೇಕಿತ್ತು. ಮಾರುವವನು ಎದುರಿಗಿಲ್ಲದಾಗ ಗಿರಾಕಿಯ ಕಿವಿ ಹೆಚ್ಚು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜವಳಿ ಅಂಗಡಿಯಲ್ಲಿ ಕುಳಿತವರೂ ಒಪ್ಪಿಯಾರು. ಬಾಡಿಗೆ ತೆತ್ತು ಮಾರಾಟವನ್ನೇ ಮಾಡದ ಮಳಿಗೆಯನ್ನು ನಡೆಸುವ ಧೈರ್ಯ ಎಲ್ಲರಿಗೂ ಬಾರದೆಂಬುದು ಬೇರೆ ಮಾತು.

ಸಂಸ್ಥೆ ಏರ್ಪಡಿಸಿದ ಇನ್ನೊಂದು ಪರೀಕ್ಷೆ ಇದಕ್ಕಿಂತ ಕಠಿಣ. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ಹೆಸರಾಂತ ತಂತಿವಾದ್ಯ ಮೇಳದ ನಾಲ್ವರು ಕಲಾವಿದರು ಸಭೆಯ ಮುಂದೆ ಕುಳಿತು ನುಡಿಸುತ್ತಾರೆ. ವೇದಿಕೆಯ ಮೇಲೆ ಎ.ಆರ್.-3 ಪೆಟ್ಟಿಗೆಗಳಿವೆ. ಕೃತಿಯ ನಡುವೆ ಒಂದೆಡೆ ಕಲಾವಿದರು ನುಡಿಸುವುದನ್ನು ನಿಲ್ಲಿಸಿ ಕಮಾನನ್ನು ಸದ್ದಿಲ್ಲದೆ ಆಡಿಸುತ್ತಾರೆ. ನಾದವು ಮುಂಚೆಯೇ ಮುದ್ರಿಸಿದ ಟೇಪಿನಿಂದ ಮುಂದುವರಿಯುತ್ತದೆ. ಎಲ್ಲಿ ಬದಲಾಯಿತೆಂದು ಹೇಳಬೇಕಾದವರು ಶ್ರೋತೃಗಳು. ಬಹುಮಂದಿಗೆ ಹೇಳಲಾಗಲಿಲ್ಲ. ಇಂಥ ಪ್ರದರ್ಶನದ ಕಲ್ಪನೆ ಹೊಸದಲ್ಲ. ಗ್ರಾಮಫೋನಿನ ಆರಂಭಕಾಲದಲ್ಲಿ, 1915ರಿಂದ ಸುಮಾರು ಹತ್ತು ವರ್ಷ, ಎಡಿಸನ್ ಸಂಸ್ಥೆಯೂ ಗಾಯಕರನ್ನು ಯಂತ್ರದ ಪಕ್ಕ ನಿಲ್ಲಿಸಿ ಹೀಗೆಯೇ ಮಾಡಿತ್ತು. ಆದರೆ ಸೋಲಿನ ಸಾಧ್ಯತೆಯನ್ನು ಬಹಿರಂಗವಾಗಿ ಒಪ್ಪಿಕೊಂಡು ಸಭೆಗೆ ನಿಲ್ಲುವ ತಯಾರಕರು ಯಾವ ಕಾಲದಲ್ಲಿಯೂ ವಿರಳ.

ಮೂರನೆಯದು ಖಾತರಿ. ಐದು ವರ್ಷದೊಳಗೆ ಪೆಟ್ಟಿಗೆ ಕೆಟ್ಟರೆ ಬಿಡಿಭಾಗ, ಕೂಲಿ ಮಾತ್ರವಲ್ಲದೆ ಸಾಗಾಣಿಕೆಯ ವೆಚ್ಚವನ್ನೂ ಸಂಸ್ಥೆಯೇ ಭರಿಸುತ್ತಿತ್ತು. ಇಪ್ಪತ್ತೈದು ಕಿಲೋಗ್ರಾಮಿನ ಸಮೀಪ ತೂಗುವ ಸರಕಿಗೆ ಸಾಗಾಣಿಕೆಯೇ ದೊಡ್ಡ ಖರ್ಚು. ಖಾತರಿಪತ್ರದಲ್ಲಿ ಸಣ್ಣ ಅಕ್ಷರಗಳಲ್ಲಿ ಬಿಟ್ಟುಬಿಡುವ ಅಂಶವೂ ಅದೇ. ಇಂಥ ವಾಗ್ದಾನವನ್ನು ಕೊಡಬಲ್ಲವನು ತನ್ನ ಕಾರ್ಖಾನೆಯ ತಪಾಸಣೆಯಲ್ಲಿ ಬಿಗಿಯಾಗಿರಲೇಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಸಣ್ಣ ಸೋರಿಕೆಯೂ ಇಡೀ ಸೂತ್ರವನ್ನು ಕೆಡಿಸುತ್ತದೆ. ಸ್ಪೀಕರ್ ಪೆಟ್ಟಿಗೆ ಮಾಡುವ ಬಡಗಿ ಕಾರ್ಯಾಗಾರಗಳಿಗೆ ಇಂದಿಗೂ ಉಪಯುಕ್ತವಾದ ಸರಳ ಪರೀಕ್ಷೆಯೊಂದಿದೆ. ವೂಫರಿನ ಕೋನನ್ನು ಬೆರಳುಗಳಿಂದ ಸಮನಾಗಿ, ಮೆಲ್ಲನೆ ಒತ್ತಿ ಬಿಡಬೇಕು. ಗಾಳಿ ಸೋರದ ಪೆಟ್ಟಿಗೆಯಲ್ಲಿ ಅದು ನಿಧಾನವಾಗಿ ಸ್ವಸ್ಥಾನಕ್ಕೆ ಮರಳುತ್ತದೆ. ತಟ್ಟನೆ ಮರಳಿದರೆ ಕೀಲುಗಳಲ್ಲೋ ತಂತಿ ಹೊರಬರುವ ರಂಧ್ರದಲ್ಲೋ ಬಿರುಕು ಇದೆಯೆಂದು ತಿಳಿಯಬೇಕು.

ನ್ಯಾಯಾಲಯದಲ್ಲಿ

ಪೇಟೆಂಟಿನ ಗತಿ ಏನಾಯಿತು? 1957ರಲ್ಲಿ ಕ್ಲಾಸ್ ಅವರು ಎ.ಆರ್. ಬಿಟ್ಟು ಮಾಲ್ಕಂ ಲೋ ಮತ್ತು ಹಾಫ್‌ಮನ್ ಅವರೊಡನೆ ಕೆ.ಎಲ್.ಎಚ್. ಸಂಸ್ಥೆಯನ್ನು ಕಟ್ಟಿದರು, ಮತ್ತು ಪರವಾನಗಿ ಪಡೆದು ಅದೇ ವಿಧಾನದ ಪೆಟ್ಟಿಗೆಗಳನ್ನು ಮಾಡತೊಡಗಿದರು. ಎಲ್ಲರೂ ಪರವಾನಗಿಗೆ ಕೈಯೊಡ್ಡುವವರಲ್ಲ. ಎಲೆಕ್ಟ್ರೋ-ವಾಯ್ಸ್ ಎಂಬ ಹಿರಿಯ ತಯಾರಕ ಸಂಸ್ಥೆಯೊಡನೆ ನಡೆದ ವ್ಯಾಜ್ಯದಲ್ಲಿ ಪೇಟೆಂಟ್ ಅಸಿಂಧುವೆಂದು ತೀರ್ಪಾಯಿತು. ಆರ್.ಸಿ.ಎ. ಸಂಸ್ಥೆಯ ಹ್ಯಾರಿ ಓಲ್ಸನ್ ಮತ್ತು ಅವರ ಸಹೋದ್ಯೋಗಿಗೆ 1949ರಲ್ಲಿ ದೊರೆತಿದ್ದ ಪೇಟೆಂಟಿನಲ್ಲಿ ಗಾಳಿಯ ಸ್ಪ್ರಿಂಗಿನ ವಿಚಾರ ಮೊದಲೇ ಬಂದಿತ್ತೆಂಬುದು ಮುಖ್ಯವಾದ ಆಧಾರ. ವಿಲ್ಚರ್ ಅವರು ಮೇಲ್ಮನವಿಗೆ ಹೋಗಲಿಲ್ಲ. ಅಂದಿನ ಅಮೆರಿಕದ ಕಾನೂನಿನಂತೆ 17 ವರ್ಷ, ಅಂದರೆ 1973ರವರೆಗೆ ಬಾಳಬೇಕಾಗಿದ್ದ ರಕ್ಷಣೆ ಅವಧಿಗೆ ಮುಂಚೆಯೇ ಮುಗಿಯಿತು. ಆ ಮೇಲೆ ಯಾರು ಬೇಕಾದರೂ ಆ ಪೆಟ್ಟಿಗೆಯನ್ನು ತಯಾರಿಸಬಹುದಾಗಿತ್ತು, ತಯಾರಿಸಿಯೂ ತಯಾರಿಸಿದರು.

ನಮ್ಮ ಸದಸ್ಯರಿಗೂ ಇದು ಪ್ರಸ್ತುತ. ಭಾರತದ 1970ರ ಪೇಟೆಂಟ್ ಕಾಯ್ದೆಯೂ ಪೇಟೆಂಟ್ ದೊರೆತ ಮಾತ್ರಕ್ಕೆ ಅದರ ಸಿಂಧುತ್ವಕ್ಕೆ ಖಾತರಿ ಕೊಡುವುದಿಲ್ಲ. ಅರ್ಜಿಯ ದಿನದಿಂದ 20 ವರ್ಷಗಳ ಅವಧಿ ಕಾಗದದ ಮೇಲಿದ್ದರೂ, ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ ಆಸಕ್ತರು ವಿರೋಧ ಸಲ್ಲಿಸಬಹುದು. ಆ ಬಳಿಕವೂ 64ನೆಯ ಕಲಮಿನ ಅಡಿಯಲ್ಲಿ ರದ್ದತಿಗೆ ಕೋರಬಹುದು. ಅದಕ್ಕೆ ಮುಂಚಿನ ಯಾವುದೇ ದೇಶದ ಪ್ರಕಟಿತ ಪೇಟೆಂಟ್ ಎದುರಾಳಿಯ ಕೈಯಲ್ಲಿ ಆಯುಧವಾಗಬಹುದು. ಆದ್ದರಿಂದ ಅರ್ಜಿಯ ಶುಲ್ಕಕ್ಕಿಂತ ಮುಂಚೆ ಹಳೆಯ ಪೇಟೆಂಟುಗಳ ಶೋಧಕ್ಕೆ ಹಣ ತೆಗೆದಿಡುವುದು ವಿವೇಕ.

1967ರಲ್ಲಿ ವಿಲ್ಚರ್ ಅವರು ಸಂಸ್ಥೆಯನ್ನು ಟೆಲಿಡೈನ್ ಸಮೂಹಕ್ಕೆ ಮಾರಿದರು. ನಂತರ ಸ್ಪರ್ಧೆ ಹೆಚ್ಚಿತು. ಕ್ಲಾಸ್ ಅವರೇ ಅಡ್ವೆಂಟ್ ಎಂಬ ಮತ್ತೊಂದು ಸಂಸ್ಥೆಯ ಮೂಲಕ ಇನ್ನೂ ಅಗ್ಗದ ಪೆಟ್ಟಿಗೆಗಳನ್ನು ತಂದರು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರು ರೂಪಿಸಿದ ಗಣಿತವು 1970ರ ದಶಕದಲ್ಲಿ ಪ್ರಚಾರಕ್ಕೆ ಬಂದ ಮೇಲೆ ರಂಧ್ರವುಳ್ಳ ಪೆಟ್ಟಿಗೆಗಳನ್ನೂ ಲೆಕ್ಕಾಚಾರದಿಂದಲೇ ವಿನ್ಯಾಸಗೊಳಿಸುವುದು ಸಾಧ್ಯವಾಯಿತು. ಎ.ಆರ್. ಹೆಸರು ಹಲವು ಒಡೆತನಗಳ ಕೈ ದಾಟಿತು. ಅಲ್ಲೊಂದು ಕುತೂಹಲದ ಸಂಗತಿಯಿದೆ: ಮೊದಲ ಕಾಲದ ಪೆಟ್ಟಿಗೆಗಳ ಬಟ್ಟೆಯ ಅಂಚು ಅರ್ಧ ಶತಮಾನವಾದರೂ ಗಟ್ಟಿಯಾಗಿ ಉಳಿದಿದ್ದರೆ, ಮುಂದಿನ ಮಾದರಿಗಳಿಗೆ ಬಳಸಿದ ಫೋಮ್ ಅಂಚುಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಪುಡಿಯಾಗಿ ಉದುರಿದವು. ಅವನ್ನು ಬದಲಿಸಿಕೊಡುವುದೇ ಹಲವರಿಗೆ ಪ್ರತ್ಯೇಕ ವೃತ್ತಿಯಾಯಿತು.

ಸಂಸ್ಥೆಯನ್ನು ಮಾರಿದ ಬಳಿಕ ವಿಲ್ಚರ್ ಅವರು ಕಿವುಡುತನದ ಸಂಶೋಧನೆಗೆ ತೊಡಗಿದರು. ಮೆಲುದನಿಯನ್ನು ಹೆಚ್ಚಿಸುವಾಗ ಗಟ್ಟಿ ಸದ್ದು ಕಿವಿಗೆ ನೋವಾಗದಂತೆ, ಬೇರೆ ಬೇರೆ ಕಂಪನಾಂಕಗಳನ್ನು ಪ್ರತ್ಯೇಕವಾಗಿ ಹದಗೊಳಿಸುವ ಶ್ರವಣ ಸಾಧನದ ವಿಧಾನವನ್ನು 1973ರಲ್ಲಿ ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಕೋರಲಿಲ್ಲ. ಶ್ರವಣ ಸಾಧನಗಳ ತಯಾರಕರು ಅದನ್ನು ಮುಕ್ತವಾಗಿ ಬಳಸಿಕೊಂಡರು, ಮುಂದೆ ಅದೇ ಆ ಉದ್ಯಮದ ಸಾಮಾನ್ಯ ಪದ್ಧತಿಯಾಯಿತು. 2011ರಲ್ಲಿ, 94ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಅವರು ನಿಧನರಾದರು.